ಸದ್ದು ಮಾಡದ ಎಸ್‌ಎಂಪಿಎಸ್: ಯಾವುದು, ಯಾರಿಗೆ?

ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಬ್ರಾಂಜ್, ಗೋಲ್ಡ್, ಪ್ಲಾಟಿನಂ ಎಂಬ ಪದಕಗಳು ಸದ್ದಿನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. 2004ರಲ್ಲಿ ಶುರುವಾದ ಈ 80 ಪ್ಲಸ್ ದರ್ಜೆ ಅಳೆಯುವುದು ಒಂದೇ ಸಂಗತಿಯನ್ನು. ಗೋಡೆಯ ಪ್ಲಗ್ಗಿನಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಪಾಲು ಬಿಸಿಯಾಗಿ ಪೋಲಾಗುತ್ತದೆ ಎಂಬುದಷ್ಟೇ ಅದರ ಲೆಕ್ಕ. ಗೋಲ್ಡ್ ಪಡೆದ ಎಸ್‌ಎಂಪಿಎಸ್ ಗುಂಯ್‌ಗುಡಬಹುದು, ಬ್ರಾಂಜ್ ಪಡೆದದ್ದು ತಣ್ಣಗೆ ಕೂತಿರಬಹುದು. ಸದ್ದು ನಿರ್ಧಾರವಾಗುವುದು ಮೂರು ಕಡೆ: ನಿಮ್ಮ ಕಂಪ್ಯೂಟರ್ ನಿಜವಾಗಿ ಎಳೆಯುವ ವಾಟ್, ಒಳಗಿನ ಫ್ಯಾನಿನ ಗುಣ, ಆ ಫ್ಯಾನ್ ಯಾವ ಬಿಸಿಗೆ ಎಷ್ಟು ವೇಗವಾಗಿ ತಿರುಗಬೇಕೆಂದು ತಯಾರಕರು ಬರೆದಿಟ್ಟ ಲೆಕ್ಕ.

ಮೊದಲು ಕಳ್ಳ ಯಾರೆಂದು ಪತ್ತೆ ಮಾಡಿ

ಕ್ಯಾಬಿನೆಟ್ಟಿನಿಂದ ಬರುವ ಸದ್ದೆಲ್ಲ ಎಸ್‌ಎಂಪಿಎಸ್‌ನದಲ್ಲ. ಹೊಸದಕ್ಕೆ ದುಡ್ಡು ಹಾಕುವ ಮುಂಚೆ ಹಳೆಯ ಪೇಪರನ್ನು ಕೊಳವೆಯ ಹಾಗೆ ಸುತ್ತಿ ಒಂದು ತುದಿಯನ್ನು ಕಿವಿಗಿಟ್ಟುಕೊಳ್ಳಿ. ಇನ್ನೊಂದು ತುದಿಯನ್ನು ಹಿಂಬದಿಯ ಎಸ್‌ಎಂಪಿಎಸ್ ಜಾಲರಿಯ ಹತ್ತಿರ, ಆಮೇಲೆ ಪ್ರೊಸೆಸರ್ ಕೂಲರ್, ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್ ಫ್ಯಾನ್, ಹಾರ್ಡ್ ಡಿಸ್ಕ್‌ಗಳ ಹತ್ತಿರ ಒಂದೊಂದಾಗಿ ಹಿಡಿಯಿರಿ. ಕೊಳವೆಯನ್ನು ಜಾಲರಿಯೊಳಕ್ಕೆ ತೂರಿಸಬೇಡಿ, ಎರಡು ಬೆರಳು ದೂರವಿದ್ದರೆ ಸಾಕು. ನಂತರ ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟಕ್ಕೆ) ಹೋಗಿ ಕ್ಯಾಬಿನೆಟ್ ಮತ್ತು ಪ್ರೊಸೆಸರ್ ಫ್ಯಾನ್‌ಗಳ ವೇಗವನ್ನು ಐದು ನಿಮಿಷದ ಮಟ್ಟಿಗೆ ಕನಿಷ್ಠಕ್ಕೆ ಇಳಿಸಿ. ಆಗಲೂ ಅದೇ ಸದ್ದು ಉಳಿದರೆ ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್ ಅಥವಾ ಹಾರ್ಡ್ ಡಿಸ್ಕ್ ಎಂದು ತಿಳಿಯಿರಿ.

ಸದ್ದಿನ ಜಾತಿಯೂ ಗುಟ್ಟು ಬಿಟ್ಟುಕೊಡುತ್ತದೆ. ಗಾಳಿ ಬೀಸಿದಂಥ ಸದ್ದು ಫ್ಯಾನಿನ ವೇಗದ್ದು. ಬೆಳಿಗ್ಗೆ ಆನ್ ಮಾಡಿದಾಗ ಹತ್ತು ನಿಮಿಷ ಗರಗರ ಎಂದು ಆಮೇಲೆ ಸುಮ್ಮನಾದರೆ ಬೇರಿಂಗಿನ ಎಣ್ಣೆ ಒಣಗಿದೆ. ಸಿಳ್ಳೆಯಂಥ ಸಣ್ಣ ಕೀರಲು ಧ್ವನಿ ಫ್ಯಾನಿನದೇ ಅಲ್ಲ, ಕಾಯಿಲ್ ಎಂಬ ತಾಮ್ರದ ಸುರುಳಿಯದು. ಆನ್ ಅಥವಾ ಆಫ್ ಮಾಡುವಾಗ ಒಮ್ಮೆ ಟಿಕ್ ಎಂದರೆ ಅದು ಒಳಗಿನ ರಿಲೇ ಎಂಬ ಸ್ವಿಚ್, ಆ ಸದ್ದು ಇರಬೇಕಾದದ್ದೇ.

ಎಸ್‌ಎಂಪಿಎಸ್ ಮೇಲ್ಭಾಗದಲ್ಲಿ ಕೂರುವ ಹಳೆಯ ಕ್ಯಾಬಿನೆಟ್ ನಿಮ್ಮದಾದರೆ ಇನ್ನೊಂದು ತೊಂದರೆಯಿದೆ. ಪ್ರೊಸೆಸರಿನ ಬಿಸಿ ಗಾಳಿಯೆಲ್ಲ ಅದರ ಹೊಟ್ಟೆಯ ಮೂಲಕವೇ ಹೊರಗೆ ಹೋಗಬೇಕು. ಅಲ್ಲಿ ಎಷ್ಟು ದುಬಾರಿಯ ಎಸ್‌ಎಂಪಿಎಸ್ ಕೂರಿಸಿದರೂ ಅದರ ಫ್ಯಾನ್ ಬೇರೆಯವರ ಬಿಸಿಗೆ ತಾನು ಓಡುತ್ತಿರುತ್ತದೆ. ಹಿಂಬದಿಗೆ ಒಂದು 120 ಮಿ.ಮೀ. ಫ್ಯಾನ್ ಹಾಕಿ ಬಿಸಿಯನ್ನು ಅದರಿಂದ ಹೊರದೂಡಿದರೆ ಹೊಸ ಎಸ್‌ಎಂಪಿಎಸ್ ಖರ್ಚೇ ಉಳಿಯಬಹುದು.

ಪದಕದಿಂದ ಸಿಗುವುದು ಎಷ್ಟು?

ಪದಕಕ್ಕೂ ಸದ್ದಿಗೂ ನೇರ ನಂಟಿಲ್ಲದಿದ್ದರೂ ಬಿಸಿಯ ಮೂಲಕ ನಂಟು ಇದೆ. 600 ವಾಟ್‌ನ ಎಸ್‌ಎಂಪಿಎಸ್ ಮೇಲೆ 300 ವಾಟ್ ಹೊರೆ ಇದೆ ಎಂದುಕೊಳ್ಳಿ. 80 ಪ್ಲಸ್‌ನ 230 ವೋಲ್ಟ್ ಮಾನದಂಡದಲ್ಲಿ ಅರ್ಧ ಹೊರೆಗೆ ಬ್ರಾಂಜ್ 88, ಗೋಲ್ಡ್ 92, ಪ್ಲಾಟಿನಂ 94, ಟೈಟಾನಿಯಂ 96 ಶೇಕಡಾ ದಕ್ಷತೆ ತೋರಬೇಕು. ಆ ಪ್ರಕಾರ ಡಬ್ಬಿಯೊಳಗೆ ಬಿಸಿಯಾಗಿ ಉಳಿಯುವುದು ಬ್ರಾಂಜ್‌ನಲ್ಲಿ ಸುಮಾರು 41 ವಾಟ್, ಗೋಲ್ಡ್‌ನಲ್ಲಿ 26, ಪ್ಲಾಟಿನಂನಲ್ಲಿ 19, ಟೈಟಾನಿಯಂನಲ್ಲಿ 12ರಿಂದ 13. ಬ್ರಾಂಜ್‌ನಿಂದ ಗೋಲ್ಡ್‌ಗೆ ಏರಿದರೆ 15 ವಾಟ್ ಬಿಸಿ ಕಡಿಮೆಯಾಗುತ್ತದೆ. ಫ್ಯಾನಿಗೆ ಅದು ದೊಡ್ಡ ಬಿಡುವು. ಗೋಲ್ಡ್‌ನಿಂದ ಪ್ಲಾಟಿನಂಗೆ ಏರಿದರೆ ಸಿಗುವುದು 7 ವಾಟ್, ಬೆಲೆ ಮಾತ್ರ ಸಾಕಷ್ಟು ಜಿಗಿಯುತ್ತದೆ. ಮೌನಕ್ಕಾಗಿ ಕೊಳ್ಳುವವರು ಗೋಲ್ಡ್‌ನಲ್ಲಿ ನಿಂತು, ಉಳಿದ ಹಣವನ್ನು ಒಳ್ಳೆಯ ಫ್ಯಾನ್ ಇರುವ ಮಾಡೆಲ್‌ಗೆ ಹಾಕುವುದೇ ಸರಿ.

ನಮ್ಮ ಕಡೆ 230 ವೋಲ್ಟ್ ಇರುವುದು ಒಂದು ಅನುಕೂಲ. ಅಂಗಡಿಯಲ್ಲಿ ಕಾಣುವ ಪದಕಗಳಲ್ಲಿ ಹೆಚ್ಚಿನವು 115 ವೋಲ್ಟ್‌ನ ಪರೀಕ್ಷೆಯಲ್ಲಿ ಬಂದವು. ಅದೇ ಎಸ್‌ಎಂಪಿಎಸ್ 230ರಲ್ಲಿ ಸಾಮಾನ್ಯವಾಗಿ ಒಂದೆರಡು ಶೇಕಡಾ ಹೆಚ್ಚು ದಕ್ಷವಾಗಿಯೇ ನಡೆಯುತ್ತದೆ. ಸಂಜೆ ಹೊತ್ತು ವೋಲ್ಟೇಜ್ 170ಕ್ಕೆ ಕುಸಿಯುವ ಊರುಗಳಲ್ಲಿ ಈ ಲಾಭ ಕರಗುತ್ತದೆ. ವೋಲ್ಟೇಜ್ ಇಳಿದಷ್ಟೂ ಆಂಪಿಯರ್ ಏರುತ್ತದೆ, ಆಂಪಿಯರ್ ಏರಿದರೆ ಬಿಸಿಯೂ ಏರುತ್ತದೆ.

ಸದ್ದಿಗೆಂದೇ ಇರುವ ದರ್ಜೆ ಬೇರೆ. ಸೈಪ್ರಸ್‌ನ ಸೈಬೆನೆಟಿಕ್ಸ್ ಸಂಸ್ಥೆ ದಕ್ಷತೆಗೆ ಈಟಾ, ಸದ್ದಿಗೆ ಲ್ಯಾಂಬ್ಡಾ ಎಂಬ ಎರಡು ದರ್ಜೆಗಳನ್ನು ಕೊಡುತ್ತದೆ. ಲ್ಯಾಂಬ್ಡಾದಲ್ಲಿ ಎ++ ಎಂದರೆ 15 ಡೆಸಿಬೆಲ್‌ಗಿಂತ ಕಡಿಮೆ, ಎ+ ಎಂದರೆ 15ರಿಂದ 20, ಎ ಎಂದರೆ 20ರಿಂದ 25, ಎ- ಎಂದರೆ 25ರಿಂದ 30. ಅದರ ಕೆಳಗಿನವು ಸ್ಟ್ಯಾಂಡರ್ಡ್ ದರ್ಜೆಗಳು. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟಾದಂತೆ ಅನ್ನಿಸುತ್ತದೆ. ಹಾಗಾಗಿ ಎ+ಗೂ ಎ-ಗೂ ಇರುವ ಅಂತರ ಚಿಕ್ಕದಲ್ಲ. ಸಂಸ್ಥೆಯ ತಾಣದಲ್ಲಿ ಮಾಡೆಲ್ ಹೆಸರು ಹುಡುಕಿ, 115 ಅಲ್ಲ, 230 ವೋಲ್ಟ್‌ನ ವರದಿಯನ್ನೇ ತೆರೆಯಿರಿ. ದರ್ಜೆಯ ಅಂಕಿ ಪೂರ್ತಿ ಹೊರೆಯ ಉದ್ದಕ್ಕೂ ತೆಗೆದ ಸರಾಸರಿ. ನಿಮಗೆ ಬೇಕಾದದ್ದು ನಿಮ್ಮ 250 ಅಥವಾ 350 ವಾಟ್‌ನಲ್ಲಿ ಅದು ಎಷ್ಟು ಸದ್ದು ಮಾಡುತ್ತದೆ ಎಂಬುದು. ಅದು ಸಿಗುವುದು ವರದಿಯೊಳಗಿನ ಸದ್ದಿನ ನಕ್ಷೆಯಲ್ಲಿ.

ಇಲ್ಲೊಂದು ಮಾತು. ದಿನವಿಡೀ ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುವ ಕೋಣೆಯಲ್ಲಿ ಎ ದರ್ಜೆಗೂ ಎ++ಗೂ ವ್ಯತ್ಯಾಸ ಯಾರ ಕಿವಿಗೂ ಬೀಳುವುದಿಲ್ಲ. ಕಿಟಕಿ ಮುಚ್ಚಿ ಎಸಿ ಹಾಕಿಕೊಳ್ಳುವವರು, ಧ್ವನಿಮುದ್ರಣ ಮಾಡುವವರು, ಮಲಗುವ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟವರು, ಮಡಿಕೇರಿ ಚಿಕ್ಕಮಗಳೂರಿನಂಥ ತಂಪಿನ ಊರಿನವರು ಆ ಹಣ ಹಾಕಿದರೆ ಅರ್ಥವಿದೆ.

ಎಷ್ಟು ವಾಟ್‌ನದು ಕೊಳ್ಳಬೇಕು?

ಗ್ರಾಫಿಕ್ಸ್ ಕಾರ್ಡಿನ ವಾಟ್‌ಗೆ ಪ್ರೊಸೆಸರಿನ ಗರಿಷ್ಠ ವಾಟ್ ಸೇರಿಸಿ, ಬೋರ್ಡು, ರ‍್ಯಾಮ್, ಡಿಸ್ಕ್, ಫ್ಯಾನ್‌ಗಳಿಗೆಂದು 60 ಕೂಡಿ. ಆರ್‌ಟಿಎಕ್ಸ್ 4060 ಕಾರ್ಡಿಗೆ 115, ರೈಜೆನ್ 5 7600 ಪ್ರೊಸೆಸರಿಗೆ 88, ಒಟ್ಟು 263. ಆರ್‌ಟಿಎಕ್ಸ್ 4070 ಆದರೆ ಕಾರ್ಡಿಗೇ 200, ಒಟ್ಟು 348. ಮೌನ ಬೇಕೆಂದರೆ ಈ ಮೊತ್ತ ಎಸ್‌ಎಂಪಿಎಸ್‌ನ ಶಕ್ತಿಯ ಅರ್ಧದ ಆಸುಪಾಸಿನಲ್ಲಿರಲಿ. ಮೊದಲನೆಯದಕ್ಕೆ 550, ಎರಡನೆಯದಕ್ಕೆ 650 ಇಲ್ಲವೇ 750. ಫ್ಯಾನಿನ ವೇಗ ಹೆಚ್ಚಿನ ಮಾಡೆಲ್‌ಗಳಲ್ಲಿ ಅರ್ಧ ಹೊರೆಯ ತನಕ ಸಮತಟ್ಟಾಗಿದ್ದು, ಮೂರರಲ್ಲಿ ಎರಡು ಪಾಲು ದಾಟಿದ ಮೇಲೆ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಅದಕ್ಕೇ ಈ ಅರ್ಧದ ಲೆಕ್ಕ.

"ದೊಡ್ಡದು ತಗೊಂಡರೆ ಇನ್ನೂ ಸೈಲೆಂಟ್" ಎಂದು 1000 ವಾಟ್‌ನದನ್ನು ಕೊಡಲು ಬರುತ್ತಾರೆ. ಬರೀ ಬ್ರೌಸರ್ ತೆರೆದುಕೊಂಡು 50 ವಾಟ್ ಎಳೆಯುವ ಕಂಪ್ಯೂಟರಿಗೆ ಅದು 5 ಶೇಕಡಾ ಹೊರೆ, ಅಲ್ಲಿ ಯಾವ ಎಸ್‌ಎಂಪಿಎಸ್‌ನ ದಕ್ಷತೆಯೂ ಚೆನ್ನಾಗಿರುವುದಿಲ್ಲ. ಒಂದೇ ಸರಣಿಯ 750 ಮತ್ತು 850ರ ಒಳಗೆ ಬಹಳ ಸಲ ಒಂದೇ ಬೋರ್ಡು, ಒಂದೇ ಫ್ಯಾನ್ ಇರುತ್ತದೆ. ಹಾಗಾಗಿ ಹೆಚ್ಚಿನ ನೂರು ವಾಟ್‌ಗೆ ಕೊಟ್ಟ ದುಡ್ಡಿಗೆ ಮೌನ ಸಿಗುವುದಿಲ್ಲ.

ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಟಿಎಕ್ಸ್ 3.0 ಅಥವಾ 3.1 ಎಂದು ಬರೆದಿರುವುದನ್ನೇ ಆರಿಸಿ. ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಲೆಕ್ಕದ ಎರಡರಷ್ಟು ಕರೆಂಟು ಎಳೆದುಬಿಡುತ್ತವೆ. 2022ರ ಎಟಿಎಕ್ಸ್ 3.0 ಮಾನದಂಡ ಇಂಥ ಜಿಗಿತವನ್ನು ತಡೆದುಕೊಳ್ಳಬೇಕೆಂದು ಹೇಳುತ್ತದೆ. ಹಳೆಯ ಮಾದರಿಯವಾದರೆ ಅದನ್ನು ಶಾರ್ಟ್ ಎಂದು ತಿಳಿದು ಆಟದ ನಡುವೆ ಆಫ್ ಆಗುವುದುಂಟು.

ಫ್ಯಾನ್ ನಿಲ್ಲುವುದು ಮೇಲೋ, ನಿಧಾನ ತಿರುಗುವುದು ಮೇಲೋ?

ನಿಜವಾದ ಆಯ್ಕೆ ಇರುವುದು ಇಲ್ಲಿ.

ಫ್ಯಾನ್ ನಿಲ್ಲುವ ಜಾತಿಯನ್ನು ಝೀರೋ ಆರ್‌ಪಿಎಂ, ಹೈಬ್ರಿಡ್, ಸೆಮಿ ಪ್ಯಾಸಿವ್ ಎಂದೆಲ್ಲ ಕರೆಯುತ್ತಾರೆ. ಕೋರ್ಸೇರ್‌ನ ಆರ್‌ಎಂಎಕ್ಸ್, ಸೀಸಾನಿಕ್‌ನ ಫೋಕಸ್ ಜಿಎಕ್ಸ್ ಇಂಥವು. ಹೊರೆ ಕಡಿಮೆಯಿದ್ದಾಗ ಫ್ಯಾನ್ ಪೂರ್ತಿ ನಿಂತಿರುತ್ತದೆ, ಒಳಗಿನ ಬಿಸಿಯೋ ಹೊರೆಯೋ ಒಂದು ಮಟ್ಟ ಮುಟ್ಟಿದಾಗ ಶುರುವಾಗುತ್ತದೆ. ಬರೆಯುವುದು, ಓದುವುದು, ಸಿನಿಮಾ ನೋಡುವುದು ಇಷ್ಟೇ ಆದರೆ ತಿಂಗಳುಗಟ್ಟಲೆ ಆ ಫ್ಯಾನ್ ತಿರುಗದೇ ಇರಬಹುದು.

ತೊಂದರೆ ಬರುವುದು ಹೊರೆ ಆ ಮಟ್ಟದ ಹೊಸ್ತಿಲಲ್ಲೇ ಓಲಾಡಿದಾಗ. ಗ್ರಾಫಿಕ್ಸ್ ಕಾರ್ಡ್ ಒಂದು ವಿಡಿಯೋ ರೆಂಡರ್ ಮಾಡುತ್ತಿದೆ ಎನ್ನಿ. ಎಸ್‌ಎಂಪಿಎಸ್ ಒಳಗೆ ಬಿಸಿ ಕೂಡಿಕೂಡಿ ಫ್ಯಾನ್ ಚಕ್ಕನೆ ಎದ್ದು ಬೀಸುತ್ತದೆ, ಎರಡು ನಿಮಿಷದಲ್ಲಿ ತಣ್ಣಗಾಗಿ ನಿಲ್ಲುತ್ತದೆ, ಇನ್ನೆರಡು ನಿಮಿಷಕ್ಕೆ ಮತ್ತೆ ಏಳುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಹೀಗೆ ಎದ್ದು ಬಿದ್ದು ಬರುವ ಸದ್ದಿಗೆ ಒಗ್ಗುವುದಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಇದು ಇನ್ನೂ ಬೇಗ ಶುರುವಾಗುತ್ತದೆ. ತಯಾರಕರು ಕೊಡುವ ಫ್ಯಾನ್ ನಕ್ಷೆ ಸಾಮಾನ್ಯವಾಗಿ 25 ಡಿಗ್ರಿ ಆಸುಪಾಸಿನ ಕೋಣೆಯದು. ಕೋಣೆಯೇ 36 ಡಿಗ್ರಿ ಇದ್ದರೆ, 300 ವಾಟ್‌ಗೆ ಏಳಬೇಕಿದ್ದ ಫ್ಯಾನ್ ಅದಕ್ಕೆ ಎಷ್ಟೋ ಮುಂಚೆಯೇ ಏಳುತ್ತದೆ.

ಇದಕ್ಕೆ ಪರಿಹಾರ ಹಿಂಬದಿಯ ಹೈಬ್ರಿಡ್ ಸ್ವಿಚ್. ಅದರಿಂದ ಹೈಬ್ರಿಡ್ ರೀತಿಯನ್ನು ಆಫ್ ಮಾಡಿದರೆ ಫ್ಯಾನ್ ಸದಾ ನಿಧಾನವಾಗಿ ತಿರುಗುತ್ತಿರುತ್ತದೆ. ಬಿಸಿ ಕೂಡಿಕೊಳ್ಳುವುದೇ ಇಲ್ಲ, ಆದ್ದರಿಂದ ದಿಢೀರೆಂದು ಏಳಬೇಕಾದ ಪ್ರಸಂಗವೂ ಇಲ್ಲ. ಎರಡು ಮಾಡೆಲ್‌ಗಳ ನಡುವೆ ತೂಗುತ್ತಿದ್ದರೆ ಈ ಸ್ವಿಚ್ ಇರುವುದನ್ನೇ ತೆಗೆದುಕೊಳ್ಳಿ. ಚಳಿಗಾಲಕ್ಕೊಂದು, ಬೇಸಿಗೆಗೊಂದು ರೀತಿ ಇಟ್ಟುಕೊಳ್ಳಬಹುದು.

ನಿಧಾನವಾಗಿ ಸದಾ ತಿರುಗುವ ಜಾತಿಯನ್ನು ಜರ್ಮನಿಯ ಬಿ ಕ್ವಯಟ್ ಕಂಪನಿ ಬಹಳ ಕಾಲದಿಂದ ಬೆಳೆಸಿಕೊಂಡು ಬಂದಿದೆ. 120 ಅಥವಾ 135 ಮಿ.ಮೀ.ನ ಒಳ್ಳೆಯ ಫ್ಯಾನ್ ನಿಮಿಷಕ್ಕೆ 500 ಸುತ್ತಿನ ಆಸುಪಾಸಿನಲ್ಲಿ ತಿರುಗಿದರೆ ಮುಚ್ಚಿದ ಕ್ಯಾಬಿನೆಟ್ಟಿನೊಳಗಿಂದ ಅದು ಕೇಳುವುದು ಕಷ್ಟ. ಒಳಗೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಿಗೂ ಇದು ಹಿತ. ಅವುಗಳ ಬಿಸಿ 10 ಡಿಗ್ರಿ ಇಳಿದರೆ ಆಯುಷ್ಯ ಸುಮಾರು ಎರಡರಷ್ಟಾಗುತ್ತದೆ. ಸೆಖೆಯ ಊರಿನವರಿಗೆ, ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಓಡಿಸುವವರಿಗೆ ಈ ಜಾತಿಯೇ ಒಪ್ಪುತ್ತದೆ. ಕರಾವಳಿಯವರೂ ಇದನ್ನೇ ಆರಿಸಲಿ.

ಬೇರಿಂಗ್ ಯಾವುದೆಂದು ಕೇಳುವುದನ್ನು ಮರೆಯಬೇಡಿ. ಸ್ಲೀವ್ ಬೇರಿಂಗ್ ಹೊಸದರಲ್ಲಿ ಮೌನಿ. ಆದರೆ ಎಸ್‌ಎಂಪಿಎಸ್‌ನಲ್ಲಿ ಫ್ಯಾನ್ ಮಲಗಿದ ಸ್ಥಿತಿಯಲ್ಲಿ, ಅದೂ ಬಿಸಿಯಲ್ಲಿ ತಿರುಗುವುದರಿಂದ ಎರಡು ಮೂರು ವರ್ಷಕ್ಕೆ ಎಣ್ಣೆ ಒಣಗಿ ಗರಗರ ಶುರುವಾಗುತ್ತದೆ. ಡಬಲ್ ಬಾಲ್ ಬೇರಿಂಗ್ ಬಿಸಿಗೆ ಜಗ್ಗುವುದಿಲ್ಲ, ಬಹಳ ಕಾಲ ಬಾಳುತ್ತದೆ, ಆದರೆ ಮೊದಲ ದಿನದಿಂದಲೇ ಸಣ್ಣದೊಂದು ಗುನುಗು ಇರುತ್ತದೆ. ಎಫ್‌ಡಿಬಿ ಎಂದು ಬರೆದಿರುವ ದ್ರವ ಬೇರಿಂಗ್ ಎರಡರ ಗುಣವನ್ನೂ ಹೊಂದಿದೆ. ರೈಫಲ್ ಬೇರಿಂಗ್ ನಡುವಿನದು, ಸಾಧಾರಣ ಬಜೆಟ್ಟಿಗೆ ಸಾಕು.

ಫ್ಯಾನೇ ಇಲ್ಲದವು

ಸೀಸಾನಿಕ್‌ನ ಪ್ರೈಮ್ ಫ್ಯಾನ್‌ಲೆಸ್ ಸರಣಿಯಲ್ಲಿ 700 ವಾಟ್‌ವರೆಗೂ ಇವೆ. ಕೇಳುವುದಕ್ಕೆ ಇದೇ ಕೊನೆಯ ಉತ್ತರ ಎನ್ನಿಸುತ್ತದೆ. ಹೆಚ್ಚಿನವರಿಗೆ ಇದನ್ನು ಕೊಳ್ಳಬೇಡಿ ಎಂದೇ ಹೇಳಬೇಕಾಗುತ್ತದೆ. ಇದರ ಬಿಸಿ ತಾನಾಗಿ ಮೇಲೇಳಬೇಕು, ಅದಕ್ಕೆ ತೂತುಗಳಿರುವ ಮುಖ ಮೇಲಕ್ಕೇ ಇರಬೇಕು. ಈಗಿನ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಕೆಳಗೆ, ತಗಡಿನ ಮುಚ್ಚಳದ ಅಡಿಯಲ್ಲಿ ಕೂರುತ್ತದೆ. ಅಲ್ಲಿ ಬಿಸಿಗೆ ದಾರಿಯಿಲ್ಲ. ಮುಚ್ಚಳದಲ್ಲಿ ಜಾಲರಿಯಿದ್ದು, ಕ್ಯಾಬಿನೆಟ್ ಫ್ಯಾನ್ ಒಂದು ನಿಧಾನವಾಗಿಯಾದರೂ ಗಾಳಿ ಆಡಿಸುತ್ತಿದ್ದರೆ ಸರಿ. ಫ್ಯಾನಿನ ಸದ್ದು ಪೂರ್ತಿ ಅಡಗಿದಾಗ ಅದರ ಹಿಂದೆ ಮುಚ್ಚಿಹೋಗಿದ್ದ ಕಾಯಿಲ್‌ನ ಕೀರಲು ಕೇಳಿಸತೊಡಗುವುದೂ ಉಂಟು.

ಗ್ರಾಫಿಕ್ಸ್ ಕಾರ್ಡ್ ಇಲ್ಲದ, 100 ವಾಟ್ ಒಳಗಿನ ಚಿಕ್ಕ ಕಂಪ್ಯೂಟರಿಗೆ ಇದಕ್ಕಿಂತ ಅಗ್ಗದ ದಾರಿಯಿದೆ. ಲ್ಯಾಪ್‌ಟಾಪಿನಂತೆ ಹೊರಗೊಂದು 12 ವೋಲ್ಟ್ ಅಡಾಪ್ಟರ್, ಒಳಗೆ 24 ಪಿನ್ ಸಾಕೆಟ್ಟಿಗೆ ಸಿಕ್ಕಿಸುವ ಬೆರಳುದ್ದದ ಬೋರ್ಡು. ಪಿಕೋ ಪಿಎಸ್‌ಯು ಎಂದು ಕೇಳಿದರೆ ಸಿಗುತ್ತದೆ. ಅಡಾಪ್ಟರಿನ ಆಂಪಿಯರ್ ಮಾತ್ರ ಧಾರಾಳವಾಗಿರಲಿ: 100 ವಾಟ್‌ಗೆ 12 ವೋಲ್ಟಿನಲ್ಲಿ 8.3 ಆಂಪಿಯರ್ ಬೇಕು, 12 ಆಂಪಿಯರಿನದು ಕೊಳ್ಳಿ.

ಪುಟ್ಟ ಕ್ಯಾಬಿನೆಟ್ಟಿಗೆಂದು ಎಸ್‌ಎಫ್‌ಎಕ್ಸ್ ಗಾತ್ರದ್ದು ಬೇಕಾದವರು ಸ್ವಲ್ಪ ರಾಜಿಯಾಗಲೇಬೇಕು. ಅದರ ಅಳತೆ 125 ಅಡ್ಡ, 63.5 ಎತ್ತರ, 100 ಮಿ.ಮೀ. ಉದ್ದ. ಫ್ಯಾನ್ ಬಹುತೇಕ 92 ಮಿ.ಮೀ.ನದು. ಚಿಕ್ಕ ಫ್ಯಾನ್ ಅಷ್ಟೇ ಗಾಳಿಗೆ ಹೆಚ್ಚು ಸುತ್ತು ತಿರುಗಬೇಕು. ಜಾಗ 130 ಮಿ.ಮೀ. ಉದ್ದಕ್ಕೆ ಇದ್ದರೆ 120 ಮಿ.ಮೀ. ಫ್ಯಾನಿನ ಎಸ್‌ಎಫ್‌ಎಕ್ಸ್-ಎಲ್ ನೋಡಿ. ಇಲ್ಲಿ ಮಾತ್ರ ಪ್ಲಾಟಿನಂಗೆ ಕೊಟ್ಟ ಹಣ ವ್ಯರ್ಥವಲ್ಲ, ಏಕೆಂದರೆ ಅಷ್ಟು ಇಕ್ಕಟ್ಟಿನಲ್ಲಿ 7 ವಾಟ್ ಬಿಸಿಯೂ ಲೆಕ್ಕಕ್ಕೆ ಬರುತ್ತದೆ.

ಕಾಯಿಲ್‌ನ ಕೀರಲು

ತಾಮ್ರದ ಸುರುಳಿಯಲ್ಲಿ ಕರೆಂಟು ವೇಗವಾಗಿ ಏರಿಳಿದಾಗ ಸುರುಳಿಯೇ ಅದುರಿ ಹುಟ್ಟುವ ಸದ್ದಿದು. ಆಟದ ಮೆನುವಿನಲ್ಲಿ ಜೋರಾಗಿ ಕೇಳಿ, ಆಟ ಶುರುವಾದ ಮೇಲೆ ಕಡಿಮೆಯಾದರೆ ಮೂಲ ಬಹುತೇಕ ಗ್ರಾಫಿಕ್ಸ್ ಕಾರ್ಡೇ. ಮೆನುವಿನಲ್ಲಿ ಅದು ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರ ಫ್ರೇಮ್ ಬಿಡಿಸುತ್ತಿರುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಎಂಬಲ್ಲಿ ನಿಮ್ಮ ಮಾನಿಟರಿನ ಅಂಕಿ, 75 ಅಥವಾ 144, ಹಾಕಿ ನೋಡಿ. ಅಲ್ಲಿಗೇ ನಿಲ್ಲದಿದ್ದರೆ ಕಾರ್ಡಿನ ಪವರ್ ಲಿಮಿಟ್ಟನ್ನು 80 ಶೇಕಡಾಕ್ಕೆ ಇಳಿಸಿ. 200 ವಾಟ್ 160 ಆಗುತ್ತದೆ, ಆಟದ ವೇಗ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಎಸ್‌ಎಂಪಿಎಸ್ ಫ್ಯಾನಿಗೂ ಆರಾಮ. ಕಾಸು ಖರ್ಚಿಲ್ಲದ ಈ ಉಪಾಯವನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು.

ಇಷ್ಟಾದರೂ ಕೀರಲು ಎಸ್‌ಎಂಪಿಎಸ್‌ನಿಂದಲೇ ಬರುತ್ತಿದ್ದರೆ ಅದನ್ನು ಸರಿಪಡಿಸುವ ದಾರಿಯಿಲ್ಲ, ಬದಲಿಸಬೇಕು. ಒಂದೇ ಮಾಡೆಲ್‌ನ ಎರಡು ಪೀಸ್‌ಗಳಲ್ಲಿ ಒಂದು ಕೀರಬಹುದು, ಇನ್ನೊಂದು ಸುಮ್ಮನಿರಬಹುದು. ಬಹಳ ಕಂಪನಿಗಳು ಇದನ್ನು ದೋಷವೆಂದು ಒಪ್ಪುವುದಿಲ್ಲ. ಆದ್ದರಿಂದ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಸರಿ, ಆನ್‌ಲೈನ್‌ನಲ್ಲಿ ತರಿಸಿದರೂ ಸರಿ, ಎಷ್ಟು ದಿನದೊಳಗೆ ಬದಲಿಸಿಕೊಡುತ್ತೀರಿ ಎಂದು ಮೊದಲೇ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕರೆಂಟು ಹೋದಾಗ ಮಾತ್ರ ಎಸ್‌ಎಂಪಿಎಸ್ ಝುಂಯ್ ಎನ್ನುತ್ತದೆಯೇ? ಆಗ ತಪ್ಪು ಎಸ್‌ಎಂಪಿಎಸ್‌ನದಲ್ಲ. ಅಗ್ಗದ ಯುಪಿಎಸ್ ಮತ್ತು ಹಳೆಯ ಮನೆ ಇನ್ವರ್ಟರ್‌ಗಳು ಬ್ಯಾಟರಿಯಲ್ಲಿ ಕೊಡುವುದು ನಯವಾದ ಅಲೆಯನ್ನಲ್ಲ, ಮೆಟ್ಟಿಲು ಮೆಟ್ಟಿಲಾದ ಚೌಕದ ಅಲೆಯನ್ನು. ಈಗಿನ ಎಸ್‌ಎಂಪಿಎಸ್‌ಗಳ ಆಕ್ಟಿವ್ ಪಿಎಫ್‌ಸಿ ಭಾಗ (ಪ್ಲಗ್ಗಿನ ಅಲೆಗೆ ತಕ್ಕಂತೆ ಕರೆಂಟು ಎಳೆಯುವ ಭಾಗ) ಅದರ ಜೊತೆ ಹೊಂದಿಕೊಳ್ಳಲಾರದೆ ಅದುರುತ್ತದೆ, ಕೆಲವು ಆಫ್ ಆಗಿಯೇ ಬಿಡುತ್ತವೆ. ಪ್ಯೂರ್ ಸೈನ್ ವೇವ್ ಇರುವ ಇನ್ವರ್ಟರ್ ಬೇಕು, ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಇಕೋ ಅಥವಾ ನಾರ್ಮಲ್ ಮೋಡ್‌ನಲ್ಲಿ ಬದಲಾಗುವ ಹೊತ್ತು ಹೆಚ್ಚು. ಎಸ್‌ಎಂಪಿಎಸ್ ಹಿಡಿದಿಟ್ಟುಕೊಳ್ಳುವುದು ಸುಮಾರು 12ರಿಂದ 17 ಮಿಲಿಸೆಕೆಂಡ್ ಅಷ್ಟೇ. ಸ್ಪೀಕರಿನಲ್ಲಿ ಹಂ ಎಂಬ ಸದ್ದು, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಇವೆರಡೂ ಇದ್ದರೆ ಅರ್ಥಿಂಗ್ ಇಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಎಸ್‌ಎಂಪಿಎಸ್ ಬದಲಿಸಿ ಪ್ರಯೋಜನವಿಲ್ಲ.

ಕೂರಿಸುವಾಗ

ಹಳೆಯದನ್ನು ತೆಗೆದು ಹೊಸದು ಹಾಕುವಾಗ ಹಳೆಯ ಕೇಬಲ್‌ಗಳನ್ನೆಲ್ಲ ತೆಗೆದುಬಿಡಿ, ಒಂದನ್ನೂ ಉಳಿಸಬೇಡಿ. ಎರಡೂ ಕಡೆ ಬಿಚ್ಚಬಹುದಾದ ಮಾಡ್ಯುಲರ್ ಕೇಬಲ್‌ನ ಎಸ್‌ಎಂಪಿಎಸ್ ಕಡೆಯ ತುದಿಗೆ ಎಲ್ಲ ಕಂಪನಿಗೂ ಒಂದೇ ನಿಯಮವಿಲ್ಲ. ಸಾಕೆಟ್ ಒಂದೇ ಥರ ಕಾಣುತ್ತದೆ, ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ವೋಲ್ಟ್ ಬಂದು ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಸುಟ್ಟುಹೋಗುತ್ತವೆ. ಅದರಲ್ಲಿದ್ದ ಫೋಟೋಗಳು, ಕೆಲಸವೆಲ್ಲ ಅದರ ಜೊತೆಗೇ ಹೋಗುತ್ತವೆ. ಎಸ್‌ಎಂಪಿಎಸ್ ಬದಲಿಸುವವರಲ್ಲಿ ಅತಿ ಹೆಚ್ಚು ನೋವು ಕೊಡುವ ತಪ್ಪು ಇದೇ.

ಕೆಳಗೆ ಕೂರುವ ಕ್ಯಾಬಿನೆಟ್ಟಿನಲ್ಲಿ ಫ್ಯಾನ್ ಮುಖ ಕೆಳಕ್ಕಿರಲಿ, ಕ್ಯಾಬಿನೆಟ್ ಅಡಿಯಲ್ಲಿ ಎರಡು ಮೂರು ಸೆಂಟಿಮೀಟರ್ ಜಾಗವಿರಲಿ. ಜಮಖಾನದ ಮೇಲೆ ಇಟ್ಟರೆ ಬಾಯಿಗೆ ಬಟ್ಟೆ ತುರುಕಿದಂತೆ. ನಾಲ್ಕು ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಆಮೇಲೆ ಎದುರುಬದುರಾಗಿ ಬಿಗಿಮಾಡಿ. ಒಂದು ಸಡಿಲವಾದರೂ ತಗಡು ಅದುರಿ ಹೊಸ ಸದ್ದು ಹುಟ್ಟುತ್ತದೆ. ಅಡಿಯ ಜಾಲರಿಯನ್ನು ತಿಂಗಳಿಗೊಮ್ಮೆ, ರಸ್ತೆ ಕೆಲಸ ನಡೆಯುವ ಕಡೆ ಹದಿನೈದು ದಿನಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ.

ಸದ್ದು ಮಾಡುವ ಹಳೆಯದರ ಫ್ಯಾನ್ ಮಾತ್ರ ಬದಲಿಸಬಹುದಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ 400 ವೋಲ್ಟ್‌ವರೆಗೆ ಹಿಡಿದಿಟ್ಟುಕೊಂಡಿರಬಹುದು, ಅದು ಜೀವ ತೆಗೆಯುವಷ್ಟು. ಅದನ್ನು ಬಲ್ಲವರಿಂದ ಮಾಡಿಸಿದರೂ ಇನ್ನೊಂದು ತೊಡಕಿದೆ. ಹಳೆಯ ಬೋರ್ಡು ಕಡಿಮೆ ಬಿಸಿಯಲ್ಲಿ ಫ್ಯಾನಿಗೆ ಮೂರು ನಾಲ್ಕು ವೋಲ್ಟ್ ಮಾತ್ರ ಕೊಡುತ್ತಿದ್ದು, ಹೊಸ ಫ್ಯಾನ್ ಐದು ವೋಲ್ಟಿಗಿಂತ ಕೆಳಗೆ ತಿರುಗದಂಥದ್ದಾದರೆ ಅದು ನಿಂತೇ ಇರುತ್ತದೆ. ಸದ್ದಿಲ್ಲವೆಂದು ಖುಷಿಪಡುತ್ತಿರುವಾಗಲೇ ಒಳಗೆ ಬೇಯುತ್ತಿರುತ್ತದೆ. ವಾರಂಟಿ ಇದ್ದರೆ, ಒಳ್ಳೆಯ ಗೋಲ್ಡ್ ಮಾಡೆಲ್‌ಗಳಿಗೆ 7 ಅಥವಾ 10 ವರ್ಷದವರೆಗೂ ಇರುತ್ತದೆ, ಬೇರಿಂಗ್ ಗರಗರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಿಲ್ಲಿನ ಜೊತೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಮುಚ್ಚಳದ ಮೇಲಿನ ಸೀಲ್ ಹರಿದಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ.